ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಬೆಡ್ ಕೊಡಿಸ್ತೀನಿ ಅನ್ನೋರಿಗೆ ದುಡ್ಡು ಕೊಡಬೇಡಿ

ದಾವಣಗೆರೆ, ಚಿತ್ರದುರ್ಗದ ಕಡೆಯವರು ದಯವಿಟ್ಟು ಪೂರ್ತಿ ಓದಿ. ನಮ್ಮ ಕಡೆ ಆಸ್ಪತ್ರೆ ಗೇಟಿನ ಹತ್ತಿರ, ಕೈಯಲ್ಲಿ ಫೈಲ್ ಇದ್ದವರನ್ನು ನೋಡಿಕೊಂಡೇ ಮಾತಾಡಿಸಲು ಬರುವವರನ್ನು ನಂಬಬೇಡಿ.

ನಮ್ಮ ಚಿಕ್ಕಪ್ಪನಿಗೆ ಬಾಯಿ ಕ್ಯಾನ್ಸರ್. ಜಗಳೂರು ಕಡೆ ಊರು, ಮಳೆ ನಂಬಿದ ಹೊಲ, ಬಿಪಿಎಲ್ ಕಾರ್ಡ್. ಬಯಾಪ್ಸಿ ರಿಪೋರ್ಟ್ ನೋಡಿ ಡಾಕ್ಟರು ಬೆಂಗಳೂರಿನ ಕಿದ್ವಾಯಿಗೆ ಹೋಗಿ ಅಂದರು. ದಾವಣಗೆರೆಯಿಂದಲೇ ಸುಮಾರು 260 ಕಿಲೋಮೀಟರ್. ದುಡ್ಡಿದ್ದವರು ಅವತ್ತೇ ಕಾರು ಮಾಡಿಕೊಂಡು ಹೊರಡುತ್ತಾರೆ. ನಮ್ಮಂಥವರು ಯಾರನ್ನು ಕೇಳೋದು ಅಂತ ಗೇಟಿನಲ್ಲಿ ನಿಂತಿರುತ್ತೇವೆ. ಅಂಥ ಹೊತ್ತಿಗೇ ಈ ಬ್ರೋಕರ್ ಬಂದಿದ್ದು.

"ಸುಮ್ನೆ ಹೋದ್ರೆ ತಿಂಗಳುಗಟ್ಟಲೆ ಕಾಯಿಸ್ತಾರಣ್ಣ. ಒಳಗೆ ನಮ್ಮ ಹುಡುಗ ಇದಾನೆ" ಅಂದ. ಬೆಡ್ಡಿಗೆ, ಕಾರ್ಡ್ ಪಾಸ್ ಮಾಡಿಸೋದಕ್ಕೆ, ಎಲ್ಲಾ ಸೇರಿ 18,000. ಚಿಕ್ಕಮ್ಮ ಓಲೆ ಅಡ ಇಟ್ಟು ಕೊಟ್ಟರು. ನೀಲಿ ಸೀಲು ಹೊಡೆದ ಒಂದು ಚೀಟಿ ಕೈಗಿಟ್ಟ.

ಕಿದ್ವಾಯಿಯಲ್ಲಿ ಆರೋಗ್ಯ ಮಿತ್ರರ (ಸರ್ಕಾರಿ ಯೋಜನೆಯ ಕೆಲಸ ನೋಡಿಕೊಳ್ಳುವವರು) ಹತ್ತಿರ ಆ ಚೀಟಿ ಕೊಟ್ಟೆವು. ಆಯಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಯಾರು ಕೊಟ್ರು? ಯಾವುದಕ್ಕೂ ಬರಲ್ಲ ಇದು. ರೇಷನ್ ಕಾರ್ಡು, ಆಧಾರ್ ಕೊಡಿ. ದುಡ್ಡೇನಾದ್ರೂ ಕೊಟ್ರಾ?" ಅಂದರು. ಸೀಲಿನಲ್ಲಿ ಆಸ್ಪತ್ರೆ ಹೆಸರೇ ಇರಲಿಲ್ಲ, ಬರೀ "ಮೆಡಿಕಲ್ ಆಫೀಸರ್" ಅಂತ ಇತ್ತು. ಕ್ಯೂನಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಚಿಕ್ಕಪ್ಪ ಬಾಯಿಗೆ ಟವೆಲ್ ಅಡ್ಡ ಹಿಡಿದು ತಲೆ ತಗ್ಗಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅಲ್ಲಿಂದಲೇ ಆ ಬ್ರೋಕರ್‌ಗೆ ಫೋನ್ ಮಾಡಿದೆ. "ಹೆಸರು ಬರೆಸಿದ್ರಲ್ವಾ? ನಾನು ಹೇಳಿದ್ದಕ್ಕೇ ಆಗಿದ್ದು" ಅಂದ. ಇವನು ಹೇಳಿದ್ದಕ್ಕಂತೆ! ದುಡ್ಡು ವಾಪಸ್ ಕೊಡು ಅಂದರೆ, "ರಸೀದಿ ಇದೆಯಾ?" ಜೋರು ಮಾಡಿದರೆ, "ಮೊದ್ಲು ಪೇಷಂಟ್ ನೋಡ್ಕೊಳ್ಳಣ್ಣ, ಈ ಟೈಮಲ್ಲಿ ದುಡ್ಡಿನ ಮಾತು ಆಡಬಾರ್ದು." ಸಾಯೋ ಭಯದಲ್ಲಿರುವವರ ಹತ್ತಿರ ದುಡ್ಡು ಕಿತ್ತುಕೊಂಡವನು ನನಗೆ ಬುದ್ಧಿ ಹೇಳುತ್ತಾನೆ. ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ರೆಫರಲ್ ಬೇಕಾದರೆ ಸರ್ಕಾರಿ ಆಸ್ಪತ್ರೆ ಡಾಕ್ಟರೇ ಬರೆದುಕೊಡುತ್ತಾರೆ. ಅನುಮಾನ ಇದ್ದರೆ ಯೋಜನೆಯ ಹೆಲ್ಪ್‌ಲೈನ್ 14555ಕ್ಕೆ ಫೋನ್ ಮಾಡಿ. ಚಿಕಿತ್ಸೆಗೆ ಹೋಗಿಬರಲು ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರಿಯಾಯಿತಿ ಇದೆ, ಫಾರಂ ಆಸ್ಪತ್ರೆಯಲ್ಲೇ ತುಂಬಿಸಿಕೊಳ್ಳಿ. ಅದಕ್ಕೂ ಈ ಮಹಾನುಭಾವ 1,000 ಬೇರೆ ಕೇಳಿದ್ದ.

ಇವನಿಗೆ ದುಡ್ಡು ಕೊಟ್ಟವರು ಇನ್ನೂ ಇದ್ದರೆ ನನಗೆ ಮೆಸೇಜ್ ಮಾಡಿ, ಒಟ್ಟಿಗೆ ಹೋಗಿ ಪೊಲೀಸ್ ಕಂಪ್ಲೇಂಟ್ ಕೊಡೋಣ. ಚಿಕ್ಕಮ್ಮನ ಓಲೆ ದುಡ್ಡು ಬರುವವರೆಗೆ ನಾನಂತೂ ಬಿಡಲ್ಲ.