ನೀಲಿ ಬುಲೆಟ್ ಮೇಲೆ ಕುಳಿತವನಿಗೆ ದುಡ್ಡು ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ಹೋಗಿದ್ದು ಹದಿನೈದು ಸಾವಿರ. ಅದರಲ್ಲಿ ನನ್ನದು ಬರೀ ಐನೂರು, ಉಳಿದದ್ದೆಲ್ಲ ಗೆಳೆಯರದು. ಹೊಟ್ಟೆ ಉರಿಯುತ್ತಿರುವುದು ಅದಕ್ಕೇ. ಎಲ್ಲವೂ ನನ್ನದೇ ಆಗಿದ್ದರೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ, ಇದನ್ನು ಬರೆಯುತ್ತಲೂ ಇರಲಿಲ್ಲ.

ಹುಬ್ಬಳ್ಳಿ-ಧಾರವಾಡದ ನಾವು ಕೆಲವರು ಸೇರಿ ನವೆಂಬರಿನಲ್ಲಿ ಬೈಕ್ ಸವಾರರ ಕೂಟ ಇಟ್ಟುಕೊಂಡಿದ್ದೆವು. ಬೆಳಗಾವಿ, ದಾವಣಗೆರೆ, ಕೊಪ್ಪಳ ಕಡೆಯವರೂ ಸೇರಿ 62 ಬೈಕು, ತಲೆಗೆ ಐನೂರು ರೂಪಾಯಿ. ಶನಿವಾರ ಸಂಜೆ ಕಪ್ಪತಗುಡ್ಡದ ಬುಡದಲ್ಲಿ ಸೇರುವುದು, ಭಾನುವಾರ ಡಂಬಳದ ದೊಡ್ಡಬಸಪ್ಪನ ಗುಡಿ, ಲಕ್ಕುಂಡಿ ನೋಡಿಕೊಂಡು ಅವರವರ ಊರಿಗೆ ಹೋಗುವುದು. ಜಾಗ ಹುಡುಕುವ ಕೆಲಸವನ್ನು ಯಾರೂ ನನ್ನ ತಲೆಗೆ ಕಟ್ಟಲಿಲ್ಲ. "ಗದಗ ಕಡೆಯದು ನನಗೆ ಬಿಡಿ" ಎಂದು ನಾನೇ ಎದೆ ತಟ್ಟಿಕೊಂಡೆ.

ಸಿಕ್ಕವನು ಪರಿಚಯದವರ ಪರಿಚಯ. ಜಾಗ, ಶಾಮಿಯಾನ, ಊಟ, ಎಲ್ಲ ತಾನೇ ನೋಡಿಕೊಳ್ಳುತ್ತೇನೆ ಎನ್ನುವವನು. ಅಕ್ಟೋಬರಿನ ಒಂದು ಭಾನುವಾರ ಅಣ್ಣಿಗೇರಿ, ಹುಲಕೋಟಿ ದಾಟಿಕೊಂಡು ಗದಗಕ್ಕೆ ಹೋದೆ. ಅಲ್ಲಿ ಅವನನ್ನು ಹಿಂದೆ ಕೂರಿಸಿಕೊಂಡು ಡಂಬಳದ ಕಡೆ ಹೊರಟೆವು.

ಹಿಂದಿನ ರಾತ್ರಿ ಮಳೆಯಾಗಿತ್ತು. ಡಾಂಬರು ಬಿಟ್ಟು ತೋಟದ ದಾರಿಗೆ ಇಳಿದರೆ ಎರೆಮಣ್ಣು. ಅದು ಹಸಿಯಾದರೆ ಏನಾಗುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ. ನೂರು ಹೆಜ್ಜೆ ಹೋಗುವಷ್ಟರಲ್ಲಿ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಗಿಡಿದುಕೊಂಡು ಮುಂದಿನ ಚಕ್ರ ತಿರುಗುವುದೇ ನಿಂತಿತು. ಅವನು ಇಳಿದು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ. ಬೇಲಿಯಿಂದ ಜಾಲಿ ಕಡ್ಡಿ ಮುರಿದುಕೊಂಡ. ಕುಕ್ಕರಗಾಲಿನಲ್ಲಿ ಕುಳಿತು ಮಣ್ಣನ್ನು ಕೆದಕಿ ಕೆದಕಿ ತೆಗೆದ. "ನೀವು ಗಾಡಿ ಹಿಡಿದುಕೊಂಡರೆ ಸಾಕು ಅಣ್ಣಾ, ನಿಮ್ಮ ಬೂಟು ಕೆಡುತ್ತದೆ." ಹತ್ತು ನಿಮಿಷ. ಮೂಗಿನ ತುದಿಯಲ್ಲಿ ಬೆವರು ತೊಟ್ಟಿಕ್ಕುತ್ತಿತ್ತು. ಇಂಥವನು ಮೋಸ ಮಾಡುತ್ತಾನೆಯೇ ಎಂದುಕೊಂಡೆ. ಆ ಹತ್ತು ನಿಮಿಷದ ಕೂಲಿ ಹದಿನೈದು ಸಾವಿರ!

ತೋಟ ಚೆನ್ನಾಗಿತ್ತು. ಮಾವು, ಚಿಕ್ಕು, ನೀರಿನ ತೊಟ್ಟಿ, ಉದ್ದನೆಯ ತಗಡಿನ ಶೆಡ್ಡು. ಕಾವಲಿನ ಅಜ್ಜ ಚಹಾ ಮಾಡಿಕೊಟ್ಟ. ಇವನು "ನಮ್ಮ ತೋಟ, ನಮ್ಮ ತೋಟ" ಎನ್ನುತ್ತಲೇ ಇದ್ದ. ಒಮ್ಮೆಯೂ "ನನ್ನ ತೋಟ" ಎನ್ನಲಿಲ್ಲ. ಈಗ ಹೊಳೆಯುತ್ತಿದೆ. ನಮ್ಮ ಊರು, ನಮ್ಮ ಬಸ್ಸು ಎನ್ನುವುದಿಲ್ಲವೇ ನಾವು? ಹಾಗೆಯೇ ನಮ್ಮ ತೋಟ.

"ರಾತ್ರಿ ಗುಡ್ಡದ ಮೇಲೆ ಬೆಂಕಿ ಹಾಕಿಸುತ್ತೇನೆ" ಎಂದಾಗಲಾದರೂ ಎಚ್ಚರಾಗಬೇಕಿತ್ತು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಒಣಹುಲ್ಲಿನ ಗುಡ್ಡ ಅದು, ಅಲ್ಲಿ ಬೆಂಕಿ ಹಾಕಿಸಲು ಇವನಾರು? ಗೊತ್ತಿದ್ದೂ ಸುಮ್ಮನಿದ್ದೆ. ಯಾಕೆಂದರೆ ಆಗ ಅವನು ನನ್ನ ಗಾಡಿಯ ಸದ್ದನ್ನು ಹೊಗಳುತ್ತಿದ್ದ. "ಬುಲೆಟ್ ಎಂದರೆ ನನಗೆ ಜೀವ ಅಣ್ಣಾ, ಒಂದು ಫೋಟೋ ತೆಗೆಯಿರಿ" ಎಂದ. ಗುಡ್ಡದ ಗಾಳಿಯಂತ್ರಗಳು ಹಿಂದೆ ಬರುವ ಹಾಗೆ ನಿಲ್ಲಿಸಿ ತೆಗೆದೆ. ನನ್ನ ಹೆಲ್ಮೆಟ್ಟನ್ನೂ ಕೊಟ್ಟೆ, ಕೈಯಲ್ಲಿ ಹಿಡಿದುಕೊಳ್ಳಲಿ ಎಂದು.

ಅಲ್ಲೇ ಐದು ಸಾವಿರ ಹಾಕಿದೆ. ಸ್ಕ್ಯಾನ್ ಮಾಡಿದಾಗ ಬಂದದ್ದು ಯಾವುದೋ ಹೆಂಗಸಿನ ಹೆಸರು. "ನಮ್ಮ ಮನೆಯವಳದು" ಎಂದ. ವಾರದ ಮೇಲೆ, ಶಾಮಿಯಾನದವನಿಗೆ ಕೊಡಬೇಕು ಎಂದ, ಮತ್ತೆ ಹತ್ತು ಸಾವಿರ. ರಸೀದಿ ಕೇಳಿದರೆ ಒಂದು ಚೀಟಿಯ ಫೋಟೋ ಬಂತು, ನೇರಳೆ ಶಾಯಿಯ ಮೊಹರು, ಒಂದಕ್ಷರವೂ ಓದಲು ಬರುವುದಿಲ್ಲ. ರಸೀದಿ ಬಂದಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದವನೂ ನಾನೇ.

ಕೂಟದ ದಿನ ಬ್ಯಾನರನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು, ಮಧ್ಯಾಹ್ನಕ್ಕೇ ಹೋದೆ. ದೂರದಿಂದಲೇ ಶಾಮಿಯಾನ ಕಾಣಿಸಿತು. ಪರವಾಗಿಲ್ಲ, ಮಾತಿಗೆ ತಪ್ಪಲಿಲ್ಲ ಎಂದುಕೊಂಡೆ. ಒಳಗೆ ಹೋದರೆ ಕುಬಸ! ಇಳಕಲ್ ಸೀರೆಯ ಹೆಂಗಸರು, ಹಸಿರು ಬಳೆಯ ಬಸುರಿ ಹುಡುಗಿ, ಊಟದ ಪಂಕ್ತಿ. ಹೆಲ್ಮೆಟ್ ಒಂದು ಕೈಯಲ್ಲಿ, ಬ್ಯಾನರು ಇನ್ನೊಂದರಲ್ಲಿ ಹಿಡಿದು ನಾನು. ಯಾರೋ ಅಮ್ಮ "ಬಾರಪ್ಪ, ಊಟಕ್ಕೆ ಕೂಡು" ಎಂದರು.

ಕಾವಲಿನ ಅಜ್ಜ ನನ್ನನ್ನು ಗುರುತಿಸಿ ಪಕ್ಕಕ್ಕೆ ಕರೆದ. "ತಮ್ಮಾ, ಮಾವಿನ ಗುತ್ತಿಗೆಯ ಮಾತನ್ನು ಈವತ್ತು ಆಡಬೇಡ, ಯಜಮಾನರ ಮೊಮ್ಮಗಳ ಕುಬಸ ಇದೆ."

"ಯಾವ ಗುತ್ತಿಗೆ ಅಜ್ಜಾ?"

"ನೀನು ಹುಬ್ಬಳ್ಳಿಯ ಮಾವಿನ ವ್ಯಾಪಾರಿ ಅಲ್ಲವೇ? ಆವತ್ತು ಅವನು ಹಾಗೆಯೇ ಹೇಳಿದ್ದ."

ಆಗ ನೆನಪಾಯಿತು. ಆವತ್ತು ಚಹಾ ಕುಡಿಯುವಾಗ ಈ ಅಜ್ಜ ಮರದಿಂದ ಮರಕ್ಕೆ ಕೈ ತೋರಿಸುತ್ತ, ಇದು ಆಪೂಸು, ಇದಕ್ಕೆ ಹೋದ ವರ್ಷ ಎಷ್ಟು ಬಂತು, ಈ ಸಲ ಎಷ್ಟು ಬರಬಹುದು ಎಂದು ಒಂದೇ ಸಮನೆ ಹೇಳುತ್ತಿದ್ದ. ಪಾಪ, ಮಾತಿಗೆ ಜನ ಇಲ್ಲದ ಮುದುಕ ಎಂದುಕೊಂಡು ನಾನು ಹೂಂ, ಹೂಂ ಎನ್ನುತ್ತಿದ್ದೆ! ಅಜ್ಜನ ಪಾಲಿಗೆ ನಾನು ವ್ಯಾಪಾರಿ, ನನ್ನ ಪಾಲಿಗೆ ಅಜ್ಜ ಅವನ ಆಳು. ನಡುವೆ ಕುಳಿತು ಅವನು ಚಹಾ ಕುಡಿಯುತ್ತಿದ್ದ. ಆ ತೋಟವನ್ನು ಬಾಡಿಗೆಗೆ ಕೊಡುವುದೇ ಇಲ್ಲವಂತೆ.

ಫೋನ್ ಮಾಡಿದೆ. ಮೊದಲು "ಆಸ್ಪತ್ರೆಯಲ್ಲಿದ್ದೇನೆ ಅಣ್ಣಾ". ಅರ್ಧ ಗಂಟೆ ಬಿಟ್ಟು "ಯಜಮಾನರು ಕೊನೆಯ ಗಳಿಗೆಯಲ್ಲಿ ಮಾತು ತಪ್ಪಿದರು". ನಾನು ಅದೇ ಯಜಮಾನರ ಶಾಮಿಯಾನದಲ್ಲೇ ನಿಂತಿದ್ದೇನೆ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹೇಳುತ್ತಾನೆ: "ನೋಡಿ ಸರ್, ನೀವು ಬೈಕಿನವರು ಕುಡಿದು ಗಲಾಟೆ ಮಾಡುತ್ತೀರಿ ಎಂದು ಎಲ್ಲರೂ ಹೆದರುತ್ತಾರೆ, ನಾನಾದರೂ ಏನು ಮಾಡಲಿ?" ಅಣ್ಣ ಹೋಗಿ ಸರ್ ಆಗಿದ್ದೆ. ದುಡ್ಡು ಹೋದದ್ದಕ್ಕಿಂತ ಈ ಮಾತು ಚುಚ್ಚಿತು. ಬೆಂಕಿ, ಹಾಡು ಎಂದವನು ಅವನು, ಗಲಾಟೆಯವರು ನಾವು! ಎರಡು ದಿನ "ನಾಳೆ ಹಾಕುತ್ತೇನೆ" ಎಂದ. ಮೂರನೆಯ ದಿನ "ಅಡ್ವಾನ್ಸ್ ಎಂದರೆ ವಾಪಸ್ ಬರುವುದಿಲ್ಲ, ಇಷ್ಟೂ ಗೊತ್ತಿಲ್ಲವೇ" ಎಂದ. ಅದೇ ಕೊನೆ, ಮತ್ತೆ ಫೋನ್ ಎತ್ತಲಿಲ್ಲ.

ಕೂಟ ಹೇಗೋ ನಡೆಯಿತು. ಅಜ್ಜನೇ ಪರಿಚಯದ ರೈತರೊಬ್ಬರ ಕಣ ಕೊಡಿಸಿದ, ಗದಗದ ಖಾನಾವಳಿಯಿಂದ ರೊಟ್ಟಿ, ಎಣ್ಣೆಗಾಯಿ ತರಿಸಿದೆವು. ಕಣಕ್ಕೆ ಆ ರೈತರು ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಆದರೂ ಹದಿನೇಳು ಜನ ಗದಗದಿಂದಲೇ ಹಿಂದಿರುಗಿದರು, ಅವರಿಗೆ ಏನು ಮುಖ ತೋರಿಸಲಿ? ಠಾಣೆಗೆ ಅರ್ಜಿ ಕೊಟ್ಟಿದ್ದೇನೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂದು ತಿಳಿದದ್ದು ವಾರದ ಮೇಲೆ. ನೀವು ತಡಮಾಡಬೇಡಿ.

ಜಾಗ ತೋರಿಸಿದವನನ್ನು ಬಿಟ್ಟು ಅಕ್ಕಪಕ್ಕದ ಹೊಲದವರನ್ನು ಒಂದು ಮಾತು ಕೇಳಿ. ಸ್ಕ್ಯಾನ್ ಮಾಡಿದಾಗ ಬೇರೆ ಹೆಸರು ಬಂದರೆ ಮೊಬೈಲ್ ಜೇಬಿಗೆ ಹಾಕಿಕೊಳ್ಳಿ. ನಿಮ್ಮ ಗಾಡಿಯನ್ನು ಯಾರಾದರೂ ಹೊಗಳಿದರೆ ಇನ್ನೂ ಹುಷಾರು, ನನ್ನ ಗತಿ ನೋಡಿ.

ಮುಖ್ಯವಾದದ್ದು ಇದು. ಅವನು ಈಗ ಬೈಕಿನವರನ್ನೇ ಹುಡುಕುತ್ತಿದ್ದಾನೆ, ಹಾವೇರಿಯ ಗೆಳೆಯರೊಬ್ಬರಿಗೆ ಮೊನ್ನೆ ಅವನಿಂದ ಸಂದೇಶ ಬಂದಿದೆ, ತಾನೂ ಸವಾರನೇ ಎಂದು. ವಾಟ್ಸ್ಆ್ಯಪಿನಲ್ಲಿ ಅದೇ ಫೋಟೋ: ಹಿಂದೆ ಗಾಳಿಯಂತ್ರಗಳು, ಕೈಯಲ್ಲಿ ಹೆಲ್ಮೆಟ್, ನೀಲಿ ಬುಲೆಟ್, ಮುಂದಿನ ಮಡ್‌ಗಾರ್ಡಿನ ಮೇಲೆ ಇನ್ನೂ ಹಸಿ ಎರೆಮಣ್ಣು. ಆ ಬುಲೆಟ್ ನನ್ನದು. ಅವನಿಗೆ ಗಾಡಿ ಓಡಿಸಲೂ ಬರುವುದಿಲ್ಲ.