ಅಂಧೇರಿಯ ವಿಮಾನ ವೈರಿಂಗ್ ಕ್ಲಾಸು: ಸ್ಲೈಡಿಗೆ ಸೊನ್ನೆ, ಹಲಗೆಗೆ ಫುಲ್ ಮಾರ್ಕ್ಸ್

ಮೊದಲೇ ಹೇಳ್ಬಿಡ್ತೀನಿ, ಸೆಂಟರ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ಕೆಳಗೆ ಒಂದಷ್ಟು ಬೈದಿದೀನಿ, ನಮ್ಮ ವಿಮಾನ ರಿಪೇರಿ ಲೈನಲ್ಲಿ ಎಲ್ರೂ ಎಲ್ರಿಗೂ ಗೊತ್ತಿರೋರೇ. ಅಂಧೇರಿ ಈಸ್ಟಲ್ಲಿ ಮೆಟ್ರೋ ಇಳಿದು ಹತ್ತು ನಿಮಿಷ ನಡೆದ್ರೆ ಸಿಗೋ ಒಂದು ಇಂಡಸ್ಟ್ರಿಯಲ್ ಎಸ್ಟೇಟು, ಮೂರನೇ ಮಾಳಿಗೆ, ಲಿಫ್ಟ್ ಇದೆ ಆದ್ರೆ ನಂಬ್ಕೊಂಡು ಹೋಗ್ಬೇಡಿ. ಶನಿವಾರ ಭಾನುವಾರ ಎರಡು ದಿನ, ಒಂಬತ್ತೂವರೆ ಸಾವಿರ, ಅದ್ರ ಮೇಲೆ ಜಿಎಸ್‌ಟಿ. ಕಂಪನಿ ಕೊಡಲ್ಲ ಅಂತು, ಸ್ವಂತ ಜೇಬಿಂದ ಕಟ್ಟಿದೆ.

ಕಂಪನಿಯಲ್ಲೇ ವಿಮಾನದ ವೈರಿಂಗ್ ಕೋರ್ಸ್ ಇಲ್ವಾ ಅಂತ ಕೇಳ್ಬಹುದು. ಇದೆ. ಕಂಪ್ಯೂಟರ್ ಮುಂದೆ ಕೂತು ನೆಕ್ಸ್ಟ್ ನೆಕ್ಸ್ಟ್ ಒತ್ತಿ ಪಾಸಾಗೋದು. ನಾನೂ ಹಾಗೇ ಪಾಸಾದವನು, ಆಮೇಲೆ ಹೋದ ಮಳೆಗಾಲದಲ್ಲಿ ಮರ್ಯಾದೆ ಕಳ್ಕೊಂಡೆ. ಒಂದು ವಿಮಾನ, ಟೇಕಾಫ್ ಆಗಿ ಗೇರ್, ಅಂದ್ರೆ ಚಕ್ರಗಳು, ಒಳಗೆ ಹೋದ್ಮೇಲೆ ಕಾಕ್‌ಪಿಟ್ಟಲ್ಲಿ ಅದರ ಲೈಟು ಮಿನುಗುತ್ತೆ ಅಂತ ಪೈಲಟ್ ಟೆಕ್ ಲಾಗಲ್ಲಿ (ವಿಮಾನದ ದೂರು ಬರೆಯೋ ಪುಸ್ತಕ) ಬರೀತಾರೆ, ನೆಲದ ಮೇಲೆ ನಾವು ನೋಡಿದ್ರೆ ಎಲ್ಲಾ ಓಕೆ. ಸೆನ್ಸರ್ ಬದಲಾಯಿಸಿದ್ವಿ, ಎರಡು ದಿನ ಬಿಟ್ಟು ಮತ್ತೆ ಬಂತು, ಅದರ ಎಲೆಕ್ಟ್ರಾನಿಕ್ ಬಾಕ್ಸ್ ಬದಲಾಯಿಸಿದ್ವಿ, ಬಿಚ್ಚಿದ ಬಾಕ್ಸು ರಿಪೇರಿ ಶಾಪಿಂದ 'ನೋ ಫಾಲ್ಟ್ ಫೌಂಡ್' ಅಂತ ಚೀಟಿ ಅಂಟಿಸ್ಕೊಂಡು ವಾಪಸ್ ಬಂತು, ಲೈಟು ಮಾತ್ರ ಮಿನುಗ್ತಾನೇ ಇತ್ತು. ಕೊನೆಗೆ ಒಬ್ರು ಸೀನಿಯರ್ ವೀಲ್ ವೆಲ್ಲಲ್ಲಿ (ಚಕ್ರ ಒಳಗೆ ಕೂರೋ ಗೂಡು) ನಿಂತು ವೈರಿನ ಕಟ್ಟನ್ನ ಕೈಯಲ್ಲಿ ಮೆಲ್ಲಗೆ ಅಲ್ಲಾಡಿಸ್ತಾ ಹೋದ್ರು, ವೈರನ್ನ ಹಿಡಿದಿಡೋ ಒಂದು ಕ್ಲಾಂಪ್ ಹತ್ರ ಕೈ ಬಂದಾಗ ಮೀಟರ್ ಓಡಾಡ್ತು. ಕ್ಲಾಂಪಿನ ಒಳಗಿನ ರಬ್ಬರ್ ಕಿತ್ತು ಹೋಗಿತ್ತು, ಲೋಹ ಉಜ್ಜಿ ಉಜ್ಜಿ ಎಳ್ಳುಕಾಳಷ್ಟು ತಾಮ್ರ ಕಾಣ್ತಿತ್ತು, ಅದೂ ಹಸಿರು ಹಿಡಿದಿತ್ತು, ಮುಂಬೈ ಮಳೆ ಮತ್ತೆ ಉಪ್ಪು ಗಾಳಿ ಅಲ್ವಾ. ಅದೇ ಜಾಗಕ್ಕೆ ನಾನು ಎರಡು ಸಲ ಟಾರ್ಚ್ ಬಿಟ್ಟು 'ಸ್ಯಾಟಿಸ್‌ಫ್ಯಾಕ್ಟರಿ' ಅಂತ ಬರೆದಿದ್ದೆ.

ಹಾಗಾಗಿ ಈ ಕ್ಲಾಸು.

ಮೊದಲ ದಿನ ದಂಡ. ಒಬ್ಬ ಹುಡುಗ ಸ್ಲೈಡ್ ಹಾಕಿ ಅದರಲ್ಲಿರೋದನ್ನೇ ಓದ್ತಾನೆ, ನಮಗೂ ಓದೋಕೆ ಬರುತ್ತಪ್ಪ. ಇಂಗ್ಲಿಷಲ್ಲಿ ಇದಕ್ಕೆಲ್ಲ ಸೇರಿಸಿ ಎಲೆಕ್ಟ್ರಿಕಲ್ ವೈರಿಂಗ್ ಇಂಟರ್‌ಕನೆಕ್ಷನ್ ಸಿಸ್ಟಮ್ ಅಂತಾರೆ, ವೈರು, ಕನೆಕ್ಟರು, ಕ್ಲಾಂಪು, ಟೈ ಎಲ್ಲಾ ಒಟ್ಟಿಗೆ ಒಂದು ಸಿಸ್ಟಮ್ ಅಂತ ಲೆಕ್ಕ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2007ರಲ್ಲಿ ಇದಕ್ಕೇ ಅಂತ ಬೇರೆ ರೂಲ್ ತಂತು. ಅಲ್ಲಿವರೆಗೆ ವೈರು ಅಂದ್ರೆ ಒಮ್ಮೆ ಹಾಕಿದ್ಮೇಲೆ ಮರೆತುಬಿಡೋ ಸಾಮಾನು ಅನ್ನೋ ಹಾಗೇ ಇತ್ತು ಅನ್ನಿ. ಒಂದು 747-400ರಲ್ಲಿ ಸುಮಾರು 274 ಕಿಲೋಮೀಟರ್ ವೈರ್ ಇದೆ, ಮುಂಬೈಯಿಂದ ಪುಣೆಗೆ ಹೋಗಿ ಹೆಚ್ಚುಕಮ್ಮಿ ವಾಪಸ್ ಬರೋವಷ್ಟು, ಅದೆಲ್ಲ ಪ್ಯಾನೆಲ್ ಹಿಂದೆ, ಯಾರ ಕಣ್ಣಿಗೂ ಬೀಳಲ್ಲ.

ಎರಡು ಅಪಘಾತದ ಕತೆ ಮಾತ್ರ ಕೂತು ಕೇಳಿದೆ, ಅದೂ ಮಧ್ಯಾಹ್ನ ಬೇರೆ ಸರ್ ಬಂದು ಹೇಳಿದ್ದಕ್ಕೆ. 1996ರ ಜುಲೈ 17, ಟಿಡಬ್ಲ್ಯೂಎ 800, ನ್ಯೂಯಾರ್ಕಿಂದ ಹೊರಟ 747, ಮಧ್ಯದ ಫ್ಯುಯಲ್ ಟ್ಯಾಂಕ್ ಸಿಡಿದು 230 ಜನ ಹೋದ್ರು. ಟ್ಯಾಂಕ್ ಹೊರಗಿನ ವೈರಿಂಗಲ್ಲಿ ಶಾರ್ಟ್ ಆಗಿ, ಇಂಧನ ಎಷ್ಟಿದೆ ಅಂತ ಅಳೆಯೋ ವೈರ್ ಮೂಲಕ ಜಾಸ್ತಿ ವೋಲ್ಟೇಜ್ ಒಳಗೆ ಹೋಗಿರೋ ಸಾಧ್ಯತೆಯೇ ಹೆಚ್ಚು ಅಂತ ತನಿಖೆಯೋರು ಹೇಳಿದ್ದು. ಎರಡು ವರ್ಷ ಬಿಟ್ಟು 1998ರ ಸೆಪ್ಟೆಂಬರ್ 2ಕ್ಕೆ ಸ್ವಿಸ್‌ಏರ್ 111, ಎಂಡಿ-11, ಕೆನಡಾದ ಹತ್ರ ಸಮುದ್ರಕ್ಕೆ ಬಿತ್ತು, 229 ಜನ. ಅಲ್ಲಿ ವೈರಲ್ಲಿ ಕಿಡಿ ಹಾರಿ ಹತ್ತಿರದ ಇನ್ಸುಲೇಶನ್ ಹೊದಿಕೆಗೆ ಬೆಂಕಿ ಹತ್ಕೊಂಡಿರೋ ಸಾಧ್ಯತೆಯೇ ಹೆಚ್ಚು. ಕಾಕ್‌ಪಿಟ್ಟಲ್ಲಿ ಮೊದಲು ವಾಸನೆ ಬಂದಲ್ಲಿಂದ ಬೀಳೋವರೆಗೆ ಇಪ್ಪತ್ತೊಂದು ನಿಮಿಷ, ಅಷ್ಟೇ. ಸರ್ ಅಲ್ಲಿ ನಿಲ್ಲಿಸಿ, ಬ್ರೇಕರ್ (ತೊಂದರೆ ಆದ್ರೆ ತಾನಾಗೇ ಕರೆಂಟ್ ಕಡಿಯೋ ಸಾಧನ) ಯಾಕೆ ಬೀಳಲಿಲ್ಲ ಹೇಳಿ ಅಂತ ಕೇಳಿದ್ರು, ಹದಿನಾರು ಜನರಲ್ಲಿ ಯಾರೂ ಬಾಯಿ ಬಿಡ್ಲಿಲ್ಲ. ಹಳೇ ಥರದ ಸರ್ಕ್ಯೂಟ್ ಬ್ರೇಕರ್ ಬಿಸಿಗೆ ಬೀಳೋದು. ಕಿಡಿ ಹಾರಿ ಕ್ಷಣದಲ್ಲಿ ನಿಂತು ಮತ್ತೆ ಹಾರೋದಾದ್ರೆ ಬ್ರೇಕರ್ ಬಿಸಿಯಾಗೋ ಮೊದಲೇ ಹತ್ತಿರದಲ್ಲಿರೋದು ಸುಡ್ತಾ ಇರುತ್ತೆ. ಬಿದ್ದ ಬ್ರೇಕರನ್ನ ಕಾರಣ ಹುಡುಕದೆ ಮತ್ತೆ ಒತ್ತಬೇಡಿ ಅಂತ ಯಾಕೆ ಬಡ್ಕೋತಾರೆ ಅನ್ನೋದು ನನಗೆ ಸರಿಯಾಗಿ ತಲೆಗೆ ಹೋಗಿದ್ದು ಅವತ್ತೇ, ಹದಿಮೂರು ವರ್ಷ ಸರ್ವಿಸ್ ಆದ್ಮೇಲೆ.

ಎರಡನೇ ದಿನ ಈ ಸರ್‌ದೇ. ರಿಟೈರ್ ಆದೋರು, ಕ್ಲಾಸಲ್ಲಿ ಹಿಂದಿ ಮರಾಠಿ, ಚಹಾ ಟೈಮಲ್ಲಿ ನಾನು ಫೋನಲ್ಲಿ ಮನೆಯೋರ ಹತ್ರ ಮಾತಾಡೋದು ಕೇಳಿ "ಊರೆಲ್ಲಿ ಮಾರಾಯ?" ಅಂದ್ರು. ಕುಂದಾಪುರದೋರಂತೆ, ಮುಂಬೈಗೆ ಬಂದು ನಲವತ್ತು ವರ್ಷ ದಾಟಿದೆ.

ಅವರು ತಂದಿದ್ದು ಒಂದು ಪ್ಲೈವುಡ್ ಹಲಗೆ, ಬಾಗಿಲಷ್ಟು ಅಗಲ. ಅದರ ಮೇಲೆ ಸ್ಕ್ರ್ಯಾಪಿಂದ ತಂದ ನಿಜವಾದ ವೈರಿನ ಕಟ್ಟುಗಳು, ಕ್ಲಾಂಪು, ಎರಡು ಪೈಪು, ಒಂದು ಕನೆಕ್ಟರ್ ಪ್ಯಾನೆಲ್. ಇದರಲ್ಲಿ ಹದಿನಾಲ್ಕು ತಪ್ಪು ಬಚ್ಚಿಟ್ಟಿದೀನಿ ಹುಡುಕಿ ಅಂತ ಲೈಟ್ ಆಫ್ ಮಾಡಿಬಿಟ್ರು, ಹ್ಯಾಂಗರಲ್ಲಿ ಒಳಗೆ ಎಲ್ಲಿ ಲೈಟಿರುತ್ತೆ ಅಂತ. ನಮ್ಮ ಗುಂಪಿಗೆ ಸಿಕ್ಕಿದ್ದು ಒಂಬತ್ತು. ಪೈಪಿನ ಕೆಳಗೆ ಹೋಗಿದ್ದ ವೈರು ಸಿಕ್ತು, ಎಣ್ಣೆ ಸೋರಿದ್ರೆ ನೇರ ವೈರ್ ಮೇಲೇ ಬೀಳೋದು, ವೈರು ಯಾವಾಗ್ಲೂ ಪೈಪಿನ ಮೇಲ್ಗಡೆ ಹೋಗ್ಬೇಕು. ತುಂಬಾ ಮಡಚಿದ್ದು ಸಿಕ್ತು, ಕಟ್ಟಲ್ಲಿ ಅತಿ ದಪ್ಪ ಇರೋ ವೈರಿನ ವ್ಯಾಸದ ಹತ್ತು ಪಟ್ಟಿಗಿಂತ ಕಮ್ಮಿ ರೇಡಿಯಸ್ಸಲ್ಲಿ ಬಗ್ಗಿಸಬಾರದು. ಸಿಗದೇ ಹೋಗಿದ್ದು ಕಟ್ಟಿನ ನಡುವೆ ಸಿಕ್ಕಿದ್ದ ಡ್ರಿಲ್ ಚೂರು, ಉಗುರಿನ ತುದಿಯಷ್ಟು ಸುರುಳಿ. ಯಾರೋ ಪಕ್ಕದಲ್ಲಿ ತೂತು ಕೊರೆದು ಗುಡಿಸದೆ ಹೋದ್ರೆ ಅದು ನಡುಕಕ್ಕೆ ಒಳಗೊಳಗೇ ಕೊರೀತಾ ಕೂರುತ್ತೆ. ಸರ್ ಬೆರಳು ಕಟ್ಟಿನ ಕೆಳಗೆ ಹಾಕಿ ಸುಮ್ನೆ ಒಂದು ಸಲ ಎಳೆದ್ರು, ಚೂರು ಟಣ್ ಅಂತ ಹಲಗೆ ಮೇಲೆ ಬಿತ್ತು. "ಟಾರ್ಚನ್ನ ಎದುರಿಂದ ಹಿಡೀತೀಯಲ್ಲ ಮಾರಾಯ, ಪಕ್ಕದಿಂದ ಹಿಡಿ, ಉಜ್ಜಿದ ಜಾಗ ಮಿಂಚುತ್ತೆ ನೋಡು" ಅಂದ್ರು. ಹಿಡಿದೆ. ಮಿಂಚ್ತು. ನನ್ನ ವೀಲ್ ವೆಲ್ ನೆನಪಾಗಿ ಹೊಟ್ಟೆ ಉರೀತು.

ಕ್ರಿಂಪಿಂಗೂ ಮಾಡಿಸ್ತಾರೆ, ಅಂದ್ರೆ ಬೆಸುಗೆ ಇಲ್ದೆ ವೈರಿನ ತುದಿಗೆ ಪಿನ್ನನ್ನ ಒತ್ತಿ ಕಚ್ಚಿಸೋದು. ಮನೇಲಿ ರೇಡಿಯೋ ರಿಪೇರಿ ಮಾಡೋರಿಗೆ ಬೆಸುಗೆ ಹಾಕಿದ್ರೇ ಗಟ್ಟಿ ಅನ್ಸುತ್ತೆ, ಆದ್ರೆ ವಿಮಾನದಲ್ಲಿ ಹೆಚ್ಚಿನ ಕಡೆ ಕ್ರಿಂಪೇ, ಯಾಕಂದ್ರೆ ಸೀಸ ಎಳೆಗಳ ಒಳಗೆ ಹರಿದು ವೈರು ಕಡ್ಡಿ ಥರ ಬಿರುಸಾಗುತ್ತೆ, ನಡುಕಕ್ಕೆ ಆ ಬಿರುಸು ಮುಗಿಯೋ ಜಾಗದಲ್ಲೇ ಪಟ್ ಅನ್ನುತ್ತೆ. ಒಳ್ಳೇ ಕ್ರಿಂಪರ್ ಪೂರ್ತಿ ಒತ್ತೋವರೆಗೆ ಕೈ ಬಿಡಲ್ಲ, ಪಿನ್ನಿನ ಪಕ್ಕದ ಸಣ್ಣ ತೂತಲ್ಲಿ ತಾಮ್ರ ಕಾಣ್ಬೇಕು, ಕಾಣ್ಲಿಲ್ಲ ಅಂದ್ರೆ ಕತ್ತರಿಸಿ ಮತ್ತೆ ಮಾಡು. ನನ್ನ ಮೊದಲ ಮೂರು ಕತ್ತರಿಸಿದ್ರು.

ಈಗ ದೂರು. ಹದಿನಾರು ಜನಕ್ಕೆ ಕ್ರಿಂಪರ್ ಎರಡೇ, ಅದರಲ್ಲಿ ಒಂದರ ಕ್ಯಾಲಿಬ್ರೇಶನ್ (ಉಪಕರಣ ಸರಿ ಇದೆಯಾ ಅನ್ನೋ ಪರೀಕ್ಷೆ) ಚೀಟಿಯ ತಾರೀಕು ಮುಗಿದಿತ್ತು, ಕ್ಯಾಲಿಬ್ರೇಶನ್ ಬಗ್ಗೆ ಪಾಠ ಮಾಡೋ ಜಾಗದಲ್ಲಿ! ಕೇಳಿದ್ರೆ ಟ್ರೈನಿಂಗಿಗೆ ಮಾತ್ರ ಸಾರ್ ಅಂತಾರೆ. ಎಸಿ ಹಿಂದಿನ ಸಾಲಿಗೆ ತಲುಪಲ್ಲ. ಊಟ ಅಂತ ಫೀಸಲ್ಲಿ ಸೇರಿಸಿ ಕೊಟ್ಟಿದ್ದು ತಣ್ಣಗಿನ ಪಾವ್ ಭಾಜಿ, ಎರಡನೇ ದಿನ ನಾವು ನಾಲ್ಕು ಜನ ಕೆಳಗಿನ ಉಡುಪಿ ಹೋಟೆಲಿಗೆ ಹೋದ್ವಿ. ಪ್ರಿಂಟ್ ನೋಟ್ಸ್ ಮಸುಕು, ಚಿತ್ರದಲ್ಲಿ ಕ್ಲಾಂಪ್ ಯಾವುದು ಕನೆಕ್ಟರ್ ಯಾವುದು ಗೊತ್ತಾಗಲ್ಲ.

ಹೋಗೋದಾದ್ರೆ ಬುಕ್ ಮಾಡೋ ಮುಂಚೆ ಹಲಗೆ ಸರ್ ಇದಾರಾ ಅಂತ ಫೋನ್ ಮಾಡಿ ಕೇಳಿ, ಇಲ್ಲ ಅಂದ್ರೆ ಆ ಬ್ಯಾಚಿಗೆ ಹೋಗ್ಬೇಡಿ. ತಲೆಗೆ ಕಟ್ಟೋ ಲೈಟು ಸ್ವಂತದ್ದು ತಗೊಂಡು ಹೋಗಿ, ಅಲ್ಲಿಯವು ಮಂಕು, ನಾನು ಮುಂಬೈನ ಎಲೆಕ್ಟ್ರಿಕಲ್ ಮಾರ್ಕೆಟ್ ಲೋಹಾರ್ ಚಾಳಲ್ಲಿ ತಗೊಂಡಿದ್ದು ಸಾಕಾಯ್ತು. ಸರ್ಟಿಫಿಕೇಟ್ ಒಂದು ವಾರಕ್ಕೆ ಬರುತ್ತೆ ಅಂತಾರೆ. ನಂದು ಐದು ವಾರಕ್ಕೆ ಬಂತು, ಹೆಸರು ತಪ್ಪಾಗಿ ಬಂತು, ತಿದ್ದಿ ಕೊಡಿ ಅಂತ ವಾಪಸ್ ಕಳಿಸಿ ಇವತ್ತಿಗೆ ಹದಿನೆಂಟು ದಿನ.