ನಯವಾದ ಬಾಗುಗೆರೆಗೆ ಯಾವುದು ಸೈ: ಪೆನ್ಸಿಲ್, ಸ್ಪೈರೋ, ಬೆಜಿಯರ್?

ಕನ್ನಡ ಅಕ್ಷರ ಬಿಡಿಸುವವರಿಗೆ ಗೆರೆಯ ನಯ ಬಲು ಮುಖ್ಯ. ನಮ್ಮ ಲಿಪಿ ಬಹುಪಾಲು ದುಂಡು. ಬೋರ್ಡಿನ ಅಳತೆಗೆ ಹಿಗ್ಗಿಸಿದಾಗ ಸಣ್ಣ ಉಬ್ಬೂ ಕಣ್ಣಿಗೆ ಹೊಡೆಯುತ್ತದೆ. ಕಾಗದದ ಮೇಲೆ ಬರೆದ ಒಂದು ‘ರ’ ಮತ್ತು ಒಂದು ಬಳ್ಳಿಯ ಅಂಚನ್ನು ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಈ ಮೂರೂ ಬಗೆಯಲ್ಲಿ ತಿದ್ದಿ ನೋಡಿದೆ.

ಪೆನ್ಸಿಲ್ ಟೂಲ್ ಬೇಗ ಮುಗಿಯುತ್ತದೆ, ಅಷ್ಟೇ. ಸ್ಮೂದಿಂಗ್ (ಗೆರೆ ನಯಗೊಳಿಸುವ ಮಟ್ಟ) ಕಡಿಮೆ ಇಟ್ಟರೆ ಗೆರೆಯುದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ನೋಡ್‌ಗಳು, ಅಂದರೆ ಗೆರೆಯನ್ನು ಹಿಡಿದಿಡುವ ಬಿಂದುಗಳು. ಹೆಚ್ಚಿಸಿದರೆ ನಡುಕ ಹೋಗುತ್ತದೆ, ಜೊತೆಗೆ ‘ರ’ದ ಹೊಟ್ಟೆಯ ಆಕಾರವೂ ಹೋಗುತ್ತದೆ. ಆಮೇಲೆ ಕಂಟ್ರೋಲ್-ಎಲ್ ಒತ್ತಿ ಸಿಂಪ್ಲಿಫೈ ಮಾಡಬಹುದು, ಅಂದರೆ ನೋಡ್‌ಗಳನ್ನು ಕಡಿಮೆ ಮಾಡಬಹುದು. ಆದರೆ ಬೆನ್ನುಬೆನ್ನಿಗೆ ಒತ್ತುತ್ತಾ ಹೋದರೆ ಪ್ರತಿ ಸಲವೂ ಅದರ ಕತ್ತರಿ ಜೋರಾಗುತ್ತದೆ. ತಲೆಕಟ್ಟಿನ ಚೂಪು ಮೂಲೆ ಸವೆದುಬಿಡುತ್ತದೆ. ಕರಡಿಗೆ ಸಾಕು.

ಸ್ಪೈರೋ ಬೇರೆಯೇ ಜಾತಿ. ರಾಫ್ ಲೆವಿಯನ್ ರೂಪಿಸಿದ ಈ ವಿಧಾನ 2009ರ 0.47 ಆವೃತ್ತಿಯಿಂದ ಇಂಕ್‌ಸ್ಕೇಪ್‌ನಲ್ಲಿದೆ. ನಾವು ಬಿಂದುಗಳನ್ನಿಟ್ಟರೆ ಸಾಕು, ಅವುಗಳ ಮೂಲಕ ಹಾಯುವ ಗೆರೆಯನ್ನು ಅದೇ ಲೆಕ್ಕ ಹಾಕುತ್ತದೆ. ಬಾಗು ಥಟ್ಟನೆ ಏರಿಳಿಯದೆ ಹದವಾಗಿ ಬದಲಾಗುತ್ತದೆ. ಬಳ್ಳಿಯ ಸುರುಳಿಗಳು ಇದರಲ್ಲಿ ಬಂದಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಬರಲಿಲ್ಲ. ಕಾಟ ಏನೆಂದರೆ, ಒಂದು ಬಿಂದು ಸರಿಸಿದರೆ ಅಕ್ಕಪಕ್ಕದ ಗೆರೆಯೂ ಅಲುಗುತ್ತದೆ. ಬಿಂದುಗಳು ಇಕ್ಕಟ್ಟಾದರಂತೂ ಗೆರೆ ಹುಚ್ಚುಹುಚ್ಚಾಗಿ ಸುತ್ತಿಕೊಂಡುಬಿಡುತ್ತದೆ. ನೇರವಾದ ತಲೆಕಟ್ಟು ದುಂಡಿಗೆ ಕೂಡುವ ಜಾಗದಲ್ಲಿ ನಾನು ಸೋತು ಕೈಬಿಟ್ಟೆ.

ಕೊನೆಗೆ ‘ರ’ ಒಲಿದದ್ದು ಹಳೆಯ ಬೆಜಿಯರ್ ಪೆನ್ನಿಗೇ. ರೆನೋ ಕಾರಿನ ಮೈ ವಿನ್ಯಾಸಕ್ಕೆ ಪಿಯರ್ ಬೆಜಿಯರ್ ಬಳಸಿದ ಗಣಿತ ಅಕ್ಷರಕ್ಕೂ ಒಗ್ಗುತ್ತದೆ. ನೋಡ್ ಎಲ್ಲಿಡಬೇಕು ಅನ್ನುವುದರಲ್ಲೇ ಅರ್ಧ ಕೆಲಸ: ದುಂಡಿನ ಎಡ, ಬಲ, ಮೇಲು, ಕೆಳಗಿನ ತುತ್ತತುದಿಗಳಲ್ಲಿ ಮಾತ್ರ. ನೋಡ್‌ನಿಂದ ಹೊರಟು ಗೆರೆಯ ಬಾಗನ್ನು ಎಳೆಯುವ ಕಡ್ಡಿಗಳೇ ಹ್ಯಾಂಡಲ್‌ಗಳು; ಕಂಟ್ರೋಲ್ ಒತ್ತಿ ಹಿಡಿದು ಅವನ್ನು ಪೂರಾ ಅಡ್ಡ ಅಥವಾ ಪೂರಾ ಲಂಬ ಇರಿಸಬೇಕು. ಪೂರ್ಣ ವೃತ್ತಕ್ಕಾದರೆ 4 ನೋಡ್, ಪ್ರತಿ ಹ್ಯಾಂಡಲ್ ತ್ರಿಜ್ಯದ ಸುಮಾರು 0.55ರಷ್ಟು ಉದ್ದ. ಹೊಟ್ಟೆಯನ್ನು ಆ ಅಳತೆಯಿಂದ ಶುರುಮಾಡಿ ಕಣ್ಣಂದಾಜಿನಲ್ಲಿ ಎಳೆದೆ. ನೋಡನ್ನು ‘ಸ್ಮೂತ್’ ಮಾಡಿದರೂ ಉಬ್ಬು ಉಳಿಯಬಹುದು. ಎರಡೂ ಹ್ಯಾಂಡಲ್ ಒಂದೇ ನೇರದಲ್ಲಿದ್ದರೂ, ಆಚೀಚೆಯ ಬಾಗು ಬೇರೆಬೇರೆಯಾಗಿದ್ದರೆ ಆ ನೋಡ್‌ನಲ್ಲಿ ಗೆರೆ ಸಣ್ಣಗೆ ಮುಗ್ಗರಿಸಿದ ಹಾಗೆ ಕಾಣುತ್ತದೆ. ಹ್ಯಾಂಡಲ್‌ಗಳ ಉದ್ದ ತಿದ್ದಿದರಷ್ಟೇ ಅದು ಸರಿಹೋಗುವುದು. ಇಡೀ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ನೋಡಿ. ಓದುವ ಅಭ್ಯಾಸ ತಪ್ಪಿದ ಕೂಡಲೇ ಅಂಥ ಜಾಗ ತಾನಾಗಿ ಕಣ್ಣಿಗೆ ಬೀಳುತ್ತದೆ.

ಅಡೋಬಿಯ ಇಲಸ್ಟ್ರೇಟರ್ ತಂತ್ರಾಂಶ ಇರುವವರಿಗೆ ಕರ್ವೇಚರ್ ಟೂಲ್ ಉಂಟು. ಹ್ಯಾಂಡಲ್ ಗೋಜಿಲ್ಲದೆ ಬಿಂದು ಒತ್ತುತ್ತಾ ಹೋಗಬಹುದು, ಮೂಲೆ ಬೇಕಾದಲ್ಲಿ ಡಬಲ್ ಕ್ಲಿಕ್. ಹೊಸಬರ ಕೈಗೆ ಬೇಗ ಹತ್ತುತ್ತದೆ. ಕೊನೆಯ ತಿದ್ದುಪಡಿಗೆ ಮಾತ್ರ ಅಲ್ಲೂ ನಾನು ಹ್ಯಾಂಡಲ್‌ಗಳನ್ನೇ ಹಿಡಿಯಬೇಕಾಯಿತು.